ಕೈಕುಲುಕುವ ಮನೆಗಳು

ಬೆಳಗ್ಗೆ ಎದ್ದು ಹಲ್ಲುಜ್ಜುತ್ತ ಕಿಟಕಿಯ ಬಳಿ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಎದುರುಮನೆಯ ಕಿಟಕಿಯಲ್ಲಿ ಇನ್ನೊಬ್ಬ ಮಹಾಶಯನೂ ಅದೇ ಕಾರ್ಯದಲ್ಲಿ ನಿರತನಾಗಿದ್ದಾನೆ. ಆತನ ಹೆಸರು ನಿಮಗೆ ತಿಳಿಯದು. ನಿಮ್ಮದು ಆತನಿಗೆ ತಿಳಿಯದು. ಆದರೂ ನೀವು ಕೈ ಹೊರಗೆ ಚಾಚಿ, ಆತನೂ ಚಾಚಿದರೆ, ನಾಲ್ಕು ಅಂತಸ್ತು ಕೆಳಗೆ ಜನ ಓಡಾಡುವ ಓಣಿಯ ಮೇಲಿನಿಂದ ನೀವಿಬ್ಬರೂ ಕೈಕುಲುಕಬಹುದು. ಇದು ಉತ್ಪ್ರೇಕ್ಷೆಯಲ್ಲ. ದಕ್ಷಿಣ ಚೀನದ ಷೆನ್‌ಜೆನ್, ಗುವಾಂಗ್‌ಝೌ ಮೊದಲಾದ ಮಹಾನಗರಗಳಲ್ಲಿ ಇಂತಹ ಕಟ್ಟಡಗಳು ಸಾವಿರಗಟ್ಟಲೆ ಇವೆ. ಅಲ್ಲಿಯ ಜನ ಅವುಗಳಿಗೆ ಇಟ್ಟಿರುವ ಹೆಸರೇ 'ಕೈಕುಲುಕುವ ಮನೆಗಳು'. ಇನ್ನೂ ಹತ್ತಿರಕ್ಕೆ ಸರಿದು ನಿಂತವುಗಳಿಗೆ 'ಮುತ್ತಿಡುವ ಮನೆಗಳು' ಎಂಬ, ನಮ್ಮಲ್ಲಾದರೆ ಹಿರಿಯರ ಎದುರಿಗೆ ಆಡಲು ಸಂಕೋಚಪಡಬೇಕಾದ, ಹೆಸರೂ ಉಂಟು. ಓಣಿಯಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಆಕಾಶಕ್ಕೆ 'ಒಂದೆಳೆಯ ಬಾನು' ಎನ್ನುತ್ತಾರೆ.

ಈ ಮನೆಗಳಿರುವ ಪ್ರದೇಶಗಳಿಗೆ ಚೀನೀ ಭಾಷೆಯಲ್ಲಿ 'ಚೆಂಗ್‌ಝೊಂಗ್‌ಚುನ್' ಎಂದು ಹೆಸರು. ನಗರದೊಳಗಿನ ಹಳ್ಳಿ ಎಂದು ಅದರ ಅರ್ಥ. ಹಳ್ಳಿ ಎಂದೊಡನೆ ಹಸುಕರುಗಳನ್ನೂ ಹಸುರು ಪೈರನ್ನೂ ನೆನೆಯುವ ನಮಗೆ ಇಲ್ಲಿ ನಿರಾಶೆ ತಪ್ಪಿದ್ದಲ್ಲ. ಪೈರೂ ಇಲ್ಲ, ಗದ್ದೆಯೂ ಇಲ್ಲ. ಉಳಿದಿರುವುದು ಹಳ್ಳಿಯ ಹೆಸರು, ಹಿರಿಯರ ಗುಡಿ, ಒಂದು ಆಲದ ಮರ, ಮತ್ತು ಮನೆಗಳ ಮೇಲೆ ಮನೆಗಳು. ಆದರೆ ಆ ಮನೆಗಳಲ್ಲಿ ವಾಸಿಸುವವರ ಸಂಖ್ಯೆಯನ್ನು ಕೇಳಿದರೆ ಉದಾಸೀನದಿಂದ ಮುಂದೆ ಹೋಗಲು ಸಾಧ್ಯವಿಲ್ಲ. 2020ರ ಜನಗಣತಿಯಲ್ಲಿ ಷೆನ್‌ಜೆನ್ ನಗರದ ಜನಸಂಖ್ಯೆ 1 ಕೋಟಿ 75 ಲಕ್ಷವನ್ನು ಮೀರಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಇಂತಹ ಹಳ್ಳಿಗಳ ಬಾಡಿಗೆ ಕೋಣೆಗಳಲ್ಲಿ ಇರುವರೆಂದು ಬಲ್ಲವರ ಅಂದಾಜು.

ಭತ್ತದ ಬದಲು ಮನೆ

ಷೆನ್‌ಜೆನ್ ಒಂದು ಕಾಲಕ್ಕೆ ಚಿಕ್ಕದೊಂದು ಬೆಸ್ತರ ಹಳ್ಳಿಯಾಗಿದ್ದಿತೆಂದೂ ರಾತ್ರಿ ಬೆಳಗಾಗುವುದರೊಳಗೆ ಮಹಾನಗರವಾಯಿತೆಂದೂ ಹೇಳುವ ವಾಡಿಕೆಯಿದೆ. ಕಥೆ ಸೊಗಸಾಗಿದೆ, ನಿಜ ಮಾತ್ರ ಬೇರೆ. ಹಾಂಗ್‌ಕಾಂಗಿನ ಗಡಿಗೆ ತಾಗಿದ ಆ ಸೀಮೆ ಮೊದಲು ಬಾವೋಆನ್ ಎಂಬ ತಾಲ್ಲೂಕು. ಅಲ್ಲಿ ಒಂದಲ್ಲ, ನೂರಾರು ಹಳ್ಳಿಗಳಿದ್ದುವು. ಸುಮಾರು ಮೂರು ಲಕ್ಷ ಜನ ಭತ್ತ ಬೆಳೆದು, ಸಿಂಪಿ ಸಾಕಿ, ಮೀನು ಹಿಡಿದು ಬದುಕುತ್ತಿದ್ದರು. 1979ರಲ್ಲಿ ಆ ತಾಲ್ಲೂಕಿಗೆ ನಗರದ ಪಟ್ಟ ಬಂದಿತು. 1980ರಲ್ಲಿ ಅದರ ಒಂದು ಭಾಗವನ್ನು ವಿಶೇಷ ಆರ್ಥಿಕ ವಲಯವೆಂದು ಸಾರಿದರು. ಕಾರ್ಖಾನೆಗಳೂ ಹೆದ್ದಾರಿಗಳೂ ಬರಲು ನೆಲ ಬೇಕಷ್ಟೆ. ಇಲ್ಲಿಂದಲೇ ನಮ್ಮ ಕಥೆಯ ಗಂಟು.

ಚೀನದ 1982ರ ಸಂವಿಧಾನದ ಪ್ರಕಾರ ನಗರದ ನೆಲವೆಲ್ಲ ಸರಕಾರಕ್ಕೆ ಸೇರಿದ್ದು. ಹಳ್ಳಿಯ ನೆಲವಾದರೋ ಹಳ್ಳಿಗರೆಲ್ಲರ ಸಾಮೂಹಿಕ ಸ್ವತ್ತು. ನಗರವು ಬೆಳೆಯುತ್ತ ಬಂದಾಗ ಅಧಿಕಾರಿಗಳು ಗದ್ದೆಗಳನ್ನು ಸ್ವಾಧೀನಪಡಿಸಿಕೊಂಡರು. ಊರಿನ ಗೋಜಿಗೆ ಹೋಗಲಿಲ್ಲ. ಗದ್ದೆಗೆ ಕೊಡಬೇಕಾದ ಪರಿಹಾರ ಅಲ್ಪ. ಮನೆಯನ್ನು ತೆಗೆದುಕೊಂಡರೆ ಮನೆಮಂದಿಗೆಲ್ಲ ಬೇರೆ ನೆಲೆ ಕಲ್ಪಿಸಬೇಕು, ಖರ್ಚು ಬಹಳ. ಹೀಗಾಗಿ ಹೆದ್ದಾರಿಗಳು ಹಳ್ಳಿಯನ್ನು ಬಳಸಿಕೊಂಡು ಹೋದುವು. ಗಗನಚುಂಬಿ ಸೌಧಗಳು ಸುತ್ತ ಎದ್ದುವು. ನಡುವೆ ಹಳ್ಳಿ ಹಾಗೆಯೇ ಉಳಿಯಿತು, ಹೊಳೆಯ ನಡುವಿನ ಬಂಡೆಯಂತೆ.

ಹೊಲ ಕಳೆದುಕೊಂಡ ರೈತನ ಕೈಯಲ್ಲಿ ಉಳಿದದ್ದು ಮನೆಯ ನಿವೇಶನವೊಂದೇ. ಸುಮಾರು ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ. ಅದೇ ವೇಳೆಗೆ ಹುನಾನ್, ಹುಬೆಯ್, ಸಿಚುವಾನ್ ಮುಂತಾದ ಒಳನಾಡುಗಳಿಂದ ಲಕ್ಷೋಪಲಕ್ಷ ಯುವಕ ಯುವತಿಯರು ಕೂಲಿಗಾಗಿ ಬಂದಿಳಿದರು. 1958ರಿಂದ ಜಾರಿಯಲ್ಲಿದ್ದ 'ಹುಕೌ' ಎಂಬ ಕುಟುಂಬ ನೋಂದಣಿಯ ಕಟ್ಟಳೆಯಿಂದಾಗಿ ಅವರು ನಗರದಲ್ಲಿ ದುಡಿಯಬಹುದಾಗಿದ್ದರೂ ನಗರದವರೆನಿಸಲಾರರು; ಸರಕಾರದ ಅಗ್ಗದ ಮನೆಗಳಿಗೆ ಹಕ್ಕುದಾರರಲ್ಲ. ತಲೆಯ ಮೇಲೊಂದು ಸೂರು ಎಲ್ಲಿಂದ ಬರಬೇಕು? ರೈತ ತನ್ನ ಹಳೆಯ ಹೆಂಚಿನ ಮನೆಯನ್ನು ಕೆಡವಿ ಮೂರು ಅಂತಸ್ತು ಕಟ್ಟಿದ. ಬಾಡಿಗೆಗೆ ಜನ ಸಾಲುಗಟ್ಟಿ ನಿಂತರು. ಐದು ಕಟ್ಟಿದ, ಏಳು ಕಟ್ಟಿದ, ಎಂಟಾಯಿತು. ಇನ್ನು ಮುಂದೆ ಕಟ್ಟಕೂಡದೆಂಬ ಆಜ್ಞೆ ಬರಲಿದೆ ಎಂಬ ಗಾಳಿಸುದ್ದಿ ಹಬ್ಬಿದಾಗಲೆಲ್ಲ ಆಜ್ಞೆ ಬರುವ ಮೊದಲೇ ಮುಗಿಸಬೇಕೆಂದು ಹಗಲಿರುಳು ಗಾರೆ ಕಲಸಿದರು. ನಿಯಮವೇ ನಿಯಮಭಂಗಕ್ಕೆ ಚಾಲನೆ ಕೊಟ್ಟದ್ದು ಹೀಗೆ! ನೆಲದ ಮೇಲೆ ಓಣಿಗೆಂದು ಬಿಟ್ಟ ಜಾಗವನ್ನು ಮೇಲಂತಸ್ತುಗಳು ಬಿಡಲಿಲ್ಲ. ಒಂದು ಮೊಳ ಇತ್ತಲಿಂದ, ಒಂದು ಮೊಳ ಅತ್ತಲಿಂದ ಹೊರಚಾಚಿದುವು. 'ಭತ್ತ ನೆಡುವುದನ್ನು ಬಿಟ್ಟು ಮನೆ ನೆಡುವವರಾದರು' ಎಂದು ಅಲ್ಲಿ ಇವರನ್ನು ಕುರಿತು ಆಡಿಕೊಳ್ಳುವುದುಂಟು. ಆಡಿಕೊಳ್ಳುವವರಲ್ಲಿ ಎಷ್ಟೋ ಮಂದಿ ಆ ಬೆಳೆಯ ನೆರಳಿನಲ್ಲಿಯೇ ಮಲಗುವವರು ಎಂಬುದನ್ನೂ ಮರೆಯಬಾರದು.

ಓಣಿಯ ದಿನಚರಿ

ಬೈಷಿಝೌ ಎಂಬುದು ಷೆನ್‌ಜೆನ್ನಿನ ಇಂತಹ ಹಳ್ಳಿಗಳಲ್ಲೆಲ್ಲ ದೊಡ್ಡದೆಂದು ಪ್ರಸಿದ್ಧವಾಗಿದ್ದಿತು. 2019ಕ್ಕೆ ಮುಂಚೆ ಅಲ್ಲಿ ಸುಮಾರು 2,500 ಕಟ್ಟಡಗಳಿದ್ದುವು. ಚದರ ಕಿಲೋಮೀಟರಿಗೂ ಕಡಮೆಯಾದ ನೆಲದಲ್ಲಿ ಸುಮಾರು 1,50,000 ಜನ ವಾಸವಾಗಿದ್ದರು. ಮೂಲ ಗ್ರಾಮಸ್ಥರಾದರೋ ಕೆಲವೇ ಸಾವಿರ. ಮಗ್ಗುಲಲ್ಲಿಯೇ 1994ರಲ್ಲಿ ತೆರೆದ 'ಜಗತ್ತಿನ ಕಿಟಕಿ' ಎಂಬ ವಿಹಾರೋದ್ಯಾನ. ಪ್ಯಾರಿಸಿನ ಐಫೆಲ್ ಗೋಪುರದ ಮೂರನೆಯ ಒಂದು ಪಾಲು ಎತ್ತರದ ಪ್ರತಿಕೃತಿ ಅಲ್ಲಿದೆ. ಬೈಷಿಝೌವಿನ ಮಾಳಿಗೆ ಹತ್ತಿದರೆ, ಒಣಗಹಾಕಿದ ಅಂಗಿ ಷರಾಯಿಗಳ ನಡುವೆ ಐಫೆಲ್ ಗೋಪುರ ಕಾಣುತ್ತಿದ್ದಿತು. ಟಿಕೆಟ್ಟು ಬೇಕಿರಲಿಲ್ಲ.

ಆ ಓಣಿಗಳ ಒಂದು ದಿನವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಇಂದಿಗೂ ಉಳಿದಿರುವ ಯಾವ ಹಳ್ಳಿಯಲ್ಲಾದರೂ ಅದನ್ನೇ ನೋಡಬಹುದು. ಇನ್ನೂ ನಸುಕಿರುವಾಗಲೇ ಒಂದು ಅಂಗಡಿಯ ಬಾಗಿಲು ಮೇಲಕ್ಕೆ ಸರಿದು, ಅಕ್ಕಿಹಿಟ್ಟಿನ ತೆಳುಹಾಳೆಗಳನ್ನು ಬೇಯಿಸುವ ಹಬೆಪೆಟ್ಟಿಗೆಯಿಂದ ಆವಿ ಏಳುತ್ತದೆ. ಬೇಯುತ್ತಿದ್ದಂತೆ ಸುರುಳಿ ಸುತ್ತಿ, ಕತ್ತರಿಸಿ, ಮೇಲೊಂದಿಷ್ಟು ಸೋಯಾ ರಸ ಸುರಿದು ಕೊಟ್ಟರೆ ಕೆಲಸಕ್ಕೆ ಓಡುವವನ ಉಪಾಹಾರ ಮುಗಿಯಿತು. ಅಂಗಡಿಯೊಳಗೆ ಒಲೆಗಷ್ಟೇ ಸ್ಥಳ. ಮೇಜು ಕುರ್ಚಿಗಳೆಲ್ಲ ಓಣಿಯಲ್ಲಿ. ಹತ್ತು ಗಂಟೆಯ ಹೊತ್ತಿಗೆ ಅವು ಮಾಯವಾಗಿ ಅಲ್ಲಿ ತರಕಾರಿಯ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಮಧ್ಯಾಹ್ನ ಬುಟ್ಟಿಗಳು ಗೋಡೆಗೆ ಸರಿದು ಚೌಕಾಕಾರದ ಮೇಜೊಂದು ಬಂದರೆ, ಅದರ ಸುತ್ತ ನಾಲ್ವರು ಮುದುಕರು ಮಾಜೊಂಗ್ ಆಟಕ್ಕೆ ಕುಳಿತರೆಂದೇ ಅರ್ಥ. ಸಂಜೆ ಶಾಲೆ ಬಿಟ್ಟ ಹುಡುಗಿ ಅದೇ ಮೇಜಿನ ಮೇಲೆ ಪುಸ್ತಕ ಹರಡಿ ಲೆಕ್ಕ ಮಾಡುತ್ತಾಳೆ. ತಾಯಿ ಪಕ್ಕದಲ್ಲಿಯೇ ಗಿರಾಕಿಗಳಿಗೆ ತೂಕ ಹಾಕುತ್ತ ಒಂದು ಕಣ್ಣನ್ನು ಮಗಳ ಮೇಲಿಟ್ಟಿರುತ್ತಾಳೆ. ರಾತ್ರಿ ಎಂಟಾದರೆ ಕೆಂಡದ ಮೇಲೆ ಸಿಂಪಿ ಸುಡುವವನ ಗಾಡಿ ಅಲ್ಲಿಗೇ ಬಂದು ನಿಲ್ಲುತ್ತದೆ. ಒಂದು ಗಾಡಿ ನಿಲ್ಲುವಷ್ಟು ಜಾಗಕ್ಕೆ ದಿನಕ್ಕೆ ಐದು ಒಕ್ಕಲು! ಇವರಲ್ಲಿ ಯಾರೂ ಕಾಗದಪತ್ರ ಮಾಡಿಕೊಂಡವರಲ್ಲ. ಯಾರ ಸರದಿ ಎಷ್ಟು ಹೊತ್ತಿಗೆ ಎಂಬುದು ಓಣಿಗೆಲ್ಲ ಗೊತ್ತು, ಅಷ್ಟೆ.

ಮೆಟ್ಟಿಲಿನ ಕೆಳಗಿನ ಮೂರು ಮೂಲೆಯ ಸಂದಿಯನ್ನು ನಾವಾದರೆ ಪೊರಕೆ ಇಡಲು ಬಳಸುತ್ತೇವೆ. ಇಲ್ಲಿ ಅದು ಪಾದರಕ್ಷೆ ಹೊಲಿಯುವವನ ಅಂಗಡಿ, ಇಲ್ಲವೆ ಬೀಗದ ಕೈ ಮಾಡುವವನ ಕಾರ್ಖಾನೆ. ಕಟ್ಟಡದ ಬಾಗಿಲಲ್ಲಿ ಕೆಂಪು ಕಾಗದದ ಚೀಟಿಗಳು: 'ಒಂಟಿ ಕೋಣೆ ಇದೆ', 'ಒಂದು ಕೋಣೆ, ಒಂದು ನಡುಮನೆ'. ಒಂಟಿ ಕೋಣೆಯೆಂದರೆ ಒಂದು ಮಂಚ, ಒಂದು ಮೇಜು, ನಡುವೆ ಒಬ್ಬ ಮನುಷ್ಯ ನಿಲ್ಲಬಹುದಾದಷ್ಟು ಎಡೆ. ಬಾಲ್ಕನಿ ಎಂದು ಹೇಳಿಕೊಳ್ಳುವ ಒಂದು ಕಟ್ಟೆಯಲ್ಲಿ ಇತ್ತ ಒಲೆ, ಅತ್ತ ಬಚ್ಚಲು ಮತ್ತು ಶೌಚ. ಮಡಿ ಮೈಲಿಗೆಯ ವಿಚಾರವಿರುವವರು ಆ ಕಡೆ ನೋಡದಿರುವುದೇ ಲೇಸು. ಕಿಟಕಿಗಳಿಗೆಲ್ಲ ಕಳ್ಳರ ಭಯದಿಂದ ಹೊರಕ್ಕುಬ್ಬಿದ ಕಬ್ಬಿಣದ ಪಂಜರ. ಆ ಪಂಜರವೂ ವ್ಯರ್ಥವಾಗಲಿಲ್ಲ; ಅದರ ತಳದಲ್ಲಿ ಈರುಳ್ಳಿಗಿಡದ ಕುಂಡ, ಮೇಲೆ ಒಣಗಿಹಾಕಿದ ಕಾಲುಚೀಲ, ಚಳಿಗಾಲವಾದರೆ ನೇತುಹಾಕಿದ ಉಪ್ಪುಮಾಂಸ. ಬಿಸಿಲು ಒಳಗೆ ಬಾರದಿರುವುದರಿಂದ ಬಟ್ಟೆಗಳನ್ನು ಬಿದಿರುಗಳುವಿಗೆ ಸಿಕ್ಕಿಸಿ ಓಣಿಯ ಮಧ್ಯಕ್ಕೆ ಚಾಚುತ್ತಾರೆ. ಕೆಳಗೆ ನಡೆಯುವವರ ತಲೆಯ ಮೇಲೆ ಮಳೆಯಿಲ್ಲದ ದಿನವೂ ಹನಿ ಬೀಳುವುದು ಇದರಿಂದಲೇ.

ಇದನ್ನೆಲ್ಲ ಓದಿ ಎಂತಹ ಸುಖಜೀವನ ಎಂದು ಯಾರಾದರೂ ಭ್ರಮಿಸಿದರೆ ತಪ್ಪು ನಮ್ಮದಾದೀತು. ನಡುಹಗಲಿನಲ್ಲಿಯೂ ದೀಪ ಹಚ್ಚಬೇಕಾದ ಕೋಣೆ ಆರೋಗ್ಯಕ್ಕೆ ಒಳ್ಳೆಯದಲ್ಲ. ತಲೆಯ ಮೇಲೆ ಬಳ್ಳಿಗಳಂತೆ ಹೆಣೆದುಕೊಂಡ ವಿದ್ಯುತ್ ತಂತಿಗಳು. ನೆಲಮಾಳಿಗೆಯ ಬಾಗಿಲಲ್ಲೇ ಸಾಲಾಗಿ ನಿಲ್ಲಿಸಿ ಬ್ಯಾಟರಿ ತುಂಬಿಸುವ ಸೈಕಲ್ಲುಗಳು. ಬೆಂಕಿ ಹತ್ತಿತೋ, ಅಗ್ನಿಶಾಮಕ ವಾಹನ ಓಣಿಯ ಬಾಯಲ್ಲಿಯೇ ನಿಲ್ಲಬೇಕು. ಎಂಟನೆಯ ಅಂತಸ್ತಿಗೆ ಲಿಫ್ಟಿಲ್ಲ. ಆದರೂ ಇಲ್ಲಿ ಕೂಲಿಗಳಷ್ಟೇ ಅಲ್ಲ, ಹತ್ತಿರದ ತಂತ್ರವಿಜ್ಞಾನ ವಲಯದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಪದವೀಧರರೂ ಬಂದು ನೆಲೆಸಿದರು. ಊರಿನಿಂದ ಪೆಟ್ಟಿಗೆ ಹಿಡಿದು ಬಂದವನಿಗೆ ಅದೇ ಸಂಜೆ ಕೋಣೆ ಸಿಗುವುದೂ, ಕೆಲಸ ಕೈಯಳತೆಯಲ್ಲಿರುವುದೂ, ಸ್ವಂತ ಸೀಮೆಯ ಊಟ ಕೆಳಗಿನ ಅಂಗಡಿಯಲ್ಲಿಯೇ ದೊರೆಯುವುದೂ ನಗರದಲ್ಲಿ ಇನ್ನೆಲ್ಲಿ? 2013ರಲ್ಲಿ ಮೇರಿ ಆನ್ ಓಡಾನಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ತಮ್ಮ ಗೆಳೆಯರೊಡನೆ ಸೇರಿ ಬೈಷಿಝೌವಿನ ಇಂತಹ ಒಂದು ಪುಟ್ಟ ಕೋಣೆಯನ್ನೇ ಬಾಡಿಗೆಗೆ ಹಿಡಿದು ಕಲಾಶಾಲೆಯಾಗಿ ಮಾಡಿದರು. ಕೋಣೆಯ ಸಂಖ್ಯೆಯನ್ನೇ ಸೇರಿಸಿ 'ಕೈಕುಲುಕು 302' ಎಂದು ಅದಕ್ಕೆ ಹೆಸರಿಟ್ಟರು.

ಅಂಗಿ ಹಿಡಿದು ನಿಂತವರು

ಗುವಾಂಗ್‌ಝೌ ನಗರದ ಕಾಂಗ್ಲೆ ಹಳ್ಳಿಯ ಕಥೆ ಇನ್ನೊಂದು ಬಗೆ. ರಸ್ತೆಯಾಚೆ ಝೊಂಗ್‌ದಾ ಎಂಬ ಜವಳಿಯ ಮಹಾಮಾರುಕಟ್ಟೆ. ಈಚೆ ಕಾಂಗ್ಲೆ ಮತ್ತು ಅದರ ಜೋಡಿಹಳ್ಳಿ ಲುಜಿಯಾಂಗ್. ಹುಬೆಯ್ ಪ್ರಾಂತದಿಂದ ಬಂದವರು ಇಲ್ಲಿ ಎಷ್ಟು ಮಂದಿ ಎಂದರೆ 'ಕಿರಿಯ ಹುಬೆಯ್' ಎಂಬ ಹೆಸರೇ ಬಿದ್ದಿದೆ. ಕೈಕುಲುಕುವ ಮನೆಗಳ ಕೆಳಗಿನ ಅಂತಸ್ತುಗಳಲ್ಲಿ ಹೊಲಿಗೆಯ ಯಂತ್ರಗಳು, ಮೇಲಿನವುಗಳಲ್ಲಿ ಹೊಲಿಯುವವರ ಹಾಸಿಗೆಗಳು. ಬಟ್ಟೆಯ ಸುರುಳಿಗಳನ್ನು ಹೇರಿಕೊಂಡ ಸೈಕಲ್ಲುಗಳಿಗೆ ದಾರಿಬಿಡುತ್ತ ನಡೆಯುವುದೇ ಒಂದು ವಿದ್ಯೆ.

ಬೆಳಗಿನ ಹೊತ್ತು ಇಲ್ಲಿಯ ಬೀದಿಯಲ್ಲಿ ಒಂದು ವಿಚಿತ್ರ ನೋಟ ಕಾಣುತ್ತದೆ. ರಸ್ತೆಯ ಅಂಚಿನಲ್ಲಿ ಉದ್ದಕ್ಕೂ ಸಾಲಾಗಿ ಜನ ನಿಂತಿರುತ್ತಾರೆ. ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಅಂಗಿಯೋ ಲಂಗವೋ ಇರುತ್ತದೆ. ಮಾರಲು ನಿಂತವರಲ್ಲ ಅವರು. ಹೊಲಿಗೆಯ ಮನೆಗಳ ಯಜಮಾನರು! ಕೆಲಸ ಹುಡುಕುತ್ತ ಬಂದ ದರ್ಜಿಗಳು ಸಾಲಿನ ಮುಂದೆ ನಡೆದುಹೋಗುತ್ತಾರೆ. ಒಬ್ಬನ ಕೈಯಿಂದ ಅಂಗಿಯನ್ನು ಇಸಿದುಕೊಂಡು ಹೊರಳಿಸಿ, ಹೊಲಿಗೆಯನ್ನು ಬೆರಳಿನಿಂದ ತಡವಿ, ಒಂದಕ್ಕೆ ಎಷ್ಟು ಕೊಡುವೆ ಎಂದು ಕೇಳುತ್ತಾರೆ. ದರ ಒಪ್ಪದಿದ್ದರೆ ಹಿಂದಿರುಗಿಸಿ ಮುಂದಿನವನ ಬಳಿಗೆ ನಡೆಯುತ್ತಾರೆ. ಕೂಲಿಕಾರ ನಡೆಯುತ್ತ ಆರಿಸುವುದೂ ಧಣಿ ನಿಂತು ಕಾಯುವುದೂ ಜಗತ್ತಿನಲ್ಲಿ ಎಲ್ಲೆಡೆಯೂ ಕಾಣುವ ದೃಶ್ಯವಲ್ಲ. ಬೇಡಿಕೆ ಇಳಿದ ತಿಂಗಳುಗಳಲ್ಲಿ ಧಣಿಯ ಧ್ವನಿ ಗಡುಸಾಗುವುದೆಂಬುದೂ ನಿಜವೇ.

ಈ ಬದುಕು ಎಷ್ಟರಮಟ್ಟಿಗೆ ಓಣಿಯನ್ನು ಆತುಕೊಂಡಿದೆ ಎಂಬುದು 2022ರ ನವೆಂಬರಿನಲ್ಲಿ ಬಯಲಾಯಿತು. ಸಾಂಕ್ರಾಮಿಕದ ಕಾರಣ ಹೈಝು ಜಿಲ್ಲೆಯ ಈ ಹಳ್ಳಿಗಳನ್ನು ಮುಚ್ಚಿ, ಜನ ಮನೆಯೊಳಗೇ ಇರಬೇಕೆಂದು ವಿಧಿಸಿದರು. ನಡುಮನೆ, ಉಗ್ರಾಣ, ಅಂಗಳ ಇರುವವನು ಮನೆಯೊಳಗೆ ಇರಬಲ್ಲ. ಆದರೆ ಯಾರಿಗೆ ಮನೆಯೆಂದರೆ ಮಂಚ, ಊಟದ ಕೋಣೆಯೆಂದರೆ ಓಣಿ, ಸಂಬಳವೆಂದರೆ ಇಂದಿನ ಹೊಲಿಗೆಗೆ ಇಂದಿನ ಕೂಲಿಯೋ, ಅವನು ಎಷ್ಟು ದಿನ ಇದ್ದಾನು? ವಾರಗಳು ಉರುಳಿದುವು. ಕಡೆಗೊಂದು ರಾತ್ರಿ ಅವರು ತಡೆಗೋಡೆಗಳನ್ನು ಕೆಡವಿ ಬೀದಿಗಿಳಿದರು. ಅದೇ ತಿಂಗಳ ಕೊನೆಯಲ್ಲಿ ಮತ್ತೊಮ್ಮೆ ಪೊಲೀಸರೊಡನೆ ಘರ್ಷಣೆಗಳಾದುವು. ಅನೇಕರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟರು. ನಿರ್ಬಂಧ ತೆರವಾದ ಮೇಲೆ ಎಷ್ಟೋ ಮಂದಿ ಹಿಂದಿರುಗಿದರು.

ಓಣಿಯ ಗೋಡೆಗೂ ಬೆಲೆಯಿದೆ ಎಂಬುದನ್ನು ತೋರಿಸಿದವರು ಷೆನ್‌ಜೆನ್ನಿನ ಡಾಫೆನ್ ಹಳ್ಳಿಯವರು. 1989ರಲ್ಲಿ ಹಾಂಗ್‌ಕಾಂಗಿನ ಹುವಾಂಗ್ ಜಿಯಾಂಗ್ ಎಂಬ ಚಿತ್ರವ್ಯಾಪಾರಿ ಕೆಲವು ಕಲಾವಿದರನ್ನು ಕಟ್ಟಿಕೊಂಡು ಅಲ್ಲಿಗೆ ಬಂದ. ಬಾಡಿಗೆ ಅಗ್ಗವೆಂಬುದೇ ಆ ಹಳ್ಳಿಯ ಮೇಲೆ ಅವನಿಗಿದ್ದ ಮಮತೆಗೆ ಕಾರಣ. ಕ್ರಮೇಣ ವಾನ್ ಗಾಗ್‌ನ ಸೂರ್ಯಕಾಂತಿಗಳು ಡಜನ್ ಲೆಕ್ಕದಲ್ಲಿ ಅಲ್ಲಿಂದ ಯುರೋಪು ಅಮೆರಿಕಗಳಿಗೆ ಹೋಗಲಾರಂಭಿಸಿದುವು. ಕೋಣೆಗೆ ಬಾಡಿಗೆ ತೆರಲಾರದ ಚಿತ್ರಕಾರರು ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಹೊರಗೋಡೆಯ ಒಂದು ತುಂಡನ್ನು ಬಾಡಿಗೆಗೆ ಪಡೆದು, ಅದಕ್ಕೆ ಬಟ್ಟೆ ಬಿಗಿದು, ಮೇಲೊಂದು ತಗಡು ಹೊದಿಸಿ, ನಿಂತೇ ಬಣ್ಣ ಬಳಿಯುತ್ತಾರೆ.

ಕೆಸರಿನಲ್ಲಿ ಹೂತ ದೋಣಿ

ಇನ್ನು ಮನೆಯೊಡೆಯರ ಮಾತು. ಅವರಲ್ಲಿ ಹಲವರು ತಾವು ಕಟ್ಟಿದ ಕಟ್ಟಡದ ಮೇಲಂತಸ್ತಿನಲ್ಲಿಯೋ, ಬೇರೆ ಬಡಾವಣೆಯಲ್ಲಿಯೋ ಇರುತ್ತಾರೆ. ಬಾಡಿಗೆ ವಸೂಲಿಯನ್ನು 'ಎರಡನೆಯ ಒಡೆಯ' ಎಂಬ ಮಧ್ಯಸ್ಥನಿಗೆ ಬಿಟ್ಟಿರುವುದೂ ಉಂಟು. ಹಿಂದಿನ ಹಳ್ಳಿಯ ಸಂಘವು ಷೇರು ಕಂಪನಿಯಾಗಿ ಮಾರ್ಪಟ್ಟು, ಹುಟ್ಟು ಗ್ರಾಮಸ್ಥರಿಗೆ ವರ್ಷವರ್ಷವೂ ಲಾಭಾಂಶ ಹಂಚುತ್ತದೆ. ಹಣ ಬಂದಿತೆಂದು ಕುಲಾಚಾರ ಬಿಡಲಿಲ್ಲ. ಹಿರಿಯರ ಗುಡಿಗೆ ಹೊಸ ಹೆಂಚು, ಬಾಗಿಲಿಗೆ ಹೊಸ ಬಣ್ಣ. ಷೆನ್‌ಜೆನ್ನಿನ ಷಿಯಾಷಾ ಹಳ್ಳಿಯ ಹುವಾಂಗ್ ಮನೆತನದವರು ಗುಡಿಯ ಮುಂದಿನ ಚೌಕದಲ್ಲಿ ಸಹಸ್ರಾರು ಮಂದಿಗೆ ದೊಡ್ಡ ಬೋಗುಣಿಗಳಲ್ಲಿ ಬಡಿಸುವ ಸಹಭೋಜನ ಹೆಸರುವಾಸಿ.

ಗುವಾಂಗ್‌ಝೌವಿನ ಚೆಬೆಯ್ ಮುಂತಾದ ಹಳ್ಳಿಗಳಲ್ಲಿ ಉದ್ದನೆಯ ಡ್ರ್ಯಾಗನ್ ದೋಣಿಗಳಿವೆ. ಮರ ಒಣಗಿ ಸೀಳಬಾರದೆಂದು ಅವುಗಳನ್ನು ವರ್ಷವೆಲ್ಲ ಕಾಲುವೆಯ ಕೆಸರಿನಲ್ಲಿ ಹೂತಿಟ್ಟಿರುತ್ತಾರೆ. ಐದನೆಯ ಚಾಂದ್ರಮಾಸದ ಹಬ್ಬ ಸಮೀಪಿಸಿದಾಗ ಹಳ್ಳಿಯ ಗಂಡಸರು ಎದೆಮಟ್ಟದ ನೀರಿಗಿಳಿದು, ಕೆಸರು ತೋಡಿ, ದೋಣಿಯನ್ನು ಎತ್ತಿ ತೊಳೆದು, ಪಟಾಕಿ ಹಾರಿಸಿ, ಹುಟ್ಟು ಹಾಕಲು ಸಿದ್ಧರಾಗುತ್ತಾರೆ. ಸುತ್ತಲೂ ಬಹುಮಹಡಿಯ ಸೌಧಗಳು. ಬಾಡಿಗೆದಾರರು ದಡದಲ್ಲಿ ನಿಂತು ನೋಡುತ್ತಾರೆ. ದೋಣಿಯಲ್ಲಿ ಅವರಿಗೆ ಸ್ಥಾನವಿಲ್ಲ; ಊರು ಅವರದಲ್ಲವಷ್ಟೆ.

ಕೆಡವಿದಾಗ

ಊರು ಯಾರದು ಎಂಬ ಈ ಪ್ರಶ್ನೆ ಹಬ್ಬದ ದಿನ ಅಷ್ಟಾಗಿ ನೋಯಿಸದು. ಕೆಡವುವ ದಿನ ನೋಯಿಸುತ್ತದೆ. 2005ರ ಮೇ ತಿಂಗಳಲ್ಲಿ ಷೆನ್‌ಜೆನ್ನಿನ ಯುನೊಂಗ್ ಹಳ್ಳಿಯ ಕಟ್ಟಡಗಳನ್ನು ಸಿಡಿಮದ್ದಿಟ್ಟು ಕ್ಷಣಾರ್ಧದಲ್ಲಿ ಉರುಳಿಸಿದರು. 2007ರಲ್ಲಿ ಗುವಾಂಗ್‌ಝೌವಿನ ಲಿಯೆದೆ ಹಳ್ಳಿ ನೆಲಸಮವಾಗಿ, ಅದರ ಒಡೆಯರು ಮೂರು ವರ್ಷಗಳ ಮೇಲೆ ಅಲ್ಲಿಯೇ ಎದ್ದ ಗೋಪುರಗಳಿಗೆ ಮರಳಿದರು. ಹಿರಿಯರ ಗುಡಿಗಳನ್ನೂ ಮತ್ತೆ ಕಟ್ಟಿಸಿಕೊಂಡರು. ತ್ಸಾಯ್‌ವುವೆಯ್ ಹಳ್ಳಿಯಿದ್ದೆಡೆಯಲ್ಲಿ 2011ರಲ್ಲಿ 441 ಮೀಟರು ಎತ್ತರದ ನೂರಂತಸ್ತಿನ ಸೌಧ ಪೂರ್ತಿಯಾಯಿತು. ಪ್ರತಿ ಸಲವೂ ಒಡೆಯನಿಗೆ ಮನೆಗೆ ಮನೆ, ಮೇಲೆ ಹಣ. ಕೆಲವರು ಕೋಟ್ಯಧೀಶರಾದರೆಂದು ಪತ್ರಿಕೆಗಳು ಬರೆದುವು. ಬಾಡಿಗೆದಾರನ ಹೆಸರು ಪರಿಹಾರದ ಪಟ್ಟಿಯಲ್ಲಿ ಇರುವುದಿಲ್ಲ. ಹತ್ತು ವರ್ಷ ಅದೇ ಮೂಲೆಯಲ್ಲಿ ಕ್ಷೌರದಂಗಡಿ ನಡೆಸಿದವನಾದರೂ ಅಷ್ಟೆ.

2019ರ ಬೇಸಗೆಯಲ್ಲಿ ಬೈಷಿಝೌವಿನ ಸರದಿ ಬಂದಿತು. ಕೋಣೆ ತೆರವು ಮಾಡಬೇಕೆಂಬ ಸೂಚನೆಗಳು ಬಾಗಿಲುಗಳಿಗೆ ಅಂಟಿದುವು. ಕೊಟ್ಟ ಗಡುವು ತಿಂಗಳುಗಳ ಲೆಕ್ಕವೂ ಸರಿಯಾಗಿ ಇಲ್ಲದಂತಹದು. ಬೇರೆಡೆ ಕೋಣೆ ಹುಡುಕುವುದು ದೊಡ್ಡವರಿಗೆ ಹೊಸದಲ್ಲ. ಅವರ ನಿದ್ದೆಗೆಡಿಸಿದ್ದು ಮಕ್ಕಳ ಶಾಲೆ. ಹೊರಗಿನಿಂದ ಬಂದವರ ಮಗುವಿಗೆ ಸರಕಾರಿ ಶಾಲೆಯಲ್ಲಿ ಸ್ಥಾನ ಸಿಗಬೇಕಾದರೆ ಆ ಪ್ರದೇಶದಲ್ಲಿ ಬಾಡಿಗೆಗಿದ್ದೇವೆಂಬ ಪತ್ರ ಮೊದಲಾದ ದಾಖಲೆಗಳು ಬೇಕು. ಜುಲೈನಲ್ಲಿ ಮನೆ ಹೋದರೆ ಸೆಪ್ಟೆಂಬರಿನಲ್ಲಿ ಶಾಲೆ ತೆರೆಯುವ ವೇಳೆಗೆ ಮಗುವಿನ ವಿಳಾಸ ಯಾವುದು? ಕೆಲವು ತಾಯ್ತಂದೆಯರು ಹೆಚ್ಚಿನ ಕಾಲಾವಕಾಶ ಕೊಡಿ ಎಂದು ಕೇಳಿಕೊಂಡರು. ಹಣ ಕೊಡಿ ಎಂದಲ್ಲ. ಪಾಠದ ವರ್ಷ ಮುಗಿಯುವವರೆಗೆ ಇರಲು ಬಿಡಿ ಎಂದು.

ಕೆಡವುವುದೊಂದೇ ದಾರಿಯೆ ಎಂಬ ವಿಚಾರವೂ ಆ ವೇಳೆಗೆ ಎದ್ದಿದ್ದಿತು. 2017ರಲ್ಲಿ ಷೆನ್‌ಜೆನ್ ಮತ್ತು ಹಾಂಗ್‌ಕಾಂಗ್ ಕೂಡಿ ಎರಡು ವರ್ಷಕ್ಕೊಮ್ಮೆ ನಡೆಸುವ ವಾಸ್ತುಶಿಲ್ಪ ಪ್ರದರ್ಶನವನ್ನು ನಾನ್‌ತೌ ಎಂಬ ಪುರಾತನ ಕೋಟೆಯೂರಿನ ಓಣಿಗಳಲ್ಲಿಯೇ ಏರ್ಪಡಿಸಿದರು. ಷುಯಿವೆಯ್ ಹಳ್ಳಿಯಲ್ಲಿ 29 ಕೈಕುಲುಕುವ ಮನೆಗಳನ್ನು ಕೆಡವದೆ, ಲಿಫ್ಟು ಕೂರಿಸಿ, ಕಟ್ಟಡದಿಂದ ಕಟ್ಟಡಕ್ಕೆ ಸೇತುವೆ ಹಾಕಿ, 504 ವಸತಿಗಳನ್ನಾಗಿ ಮಾರ್ಪಡಿಸಿದರು. 2019ರ ಮಾರ್ಚಿನಲ್ಲಿ ನಗರಾಡಳಿತವು ಅರ್ಧಕ್ಕೂ ಹೆಚ್ಚಿನ ಹಳ್ಳಿನೆಲವನ್ನು 2025ರವರೆಗೆ ಕೆಡವದೆ ದುರಸ್ತಿಗೆ ಮಾತ್ರ ಮೀಸಲಿಡುವ ಯೋಜನೆಯನ್ನು ಪ್ರಕಟಿಸಿತು. ಒಳ್ಳೆಯದೇ ಆಯಿತೆನ್ನಬೇಕು. ಆದರೆ ದುರಸ್ತಿಯ ಖರ್ಚು ಎಲ್ಲಿಗೆ ಬಂದು ಕೂಡುತ್ತದೆ ಎಂಬುದನ್ನು ಬಾಡಿಗೆ ಮನೆಯಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗೋಡೆಗೆ ಸುಣ್ಣ ಬಿದ್ದ ಓಣಿಯಲ್ಲಿ ಕಾಫಿಯಂಗಡಿಗಳು ಬಂದುವು. ಅಕ್ಕಿಹಾಳೆಯ ಅಂಗಡಿ ಹಿಂದಿನ ಸಂದಿಗೆ ಸರಿಯಿತು. 2018ರಲ್ಲಿ ಲೊಂಗ್‌ಹುವಾ ಪ್ರದೇಶದ ಕಾರ್ಖಾನೆಯ ಕೆಲಸಗಾರರು, ತಮ್ಮ ಹಳ್ಳಿಯ ಕಟ್ಟಡಗಳನ್ನು ಇಡಿಯಾಗಿ ಗುತ್ತಿಗೆ ಹಿಡಿದು ಅಂದಗೊಳಿಸಿದರೆ ಬಾಡಿಗೆ ತಮ್ಮ ಕೈಮೀರುವುದೆಂದು ಬಹಿರಂಗ ಪತ್ರವನ್ನೇ ಬರೆದರು. ಕೋಣೆ ಹೊಸತಾಗುವುದು ಅವರಿಗೆ ಬೇಡವಾಗಿತ್ತು.

ಬೈಷಿಝೌವಿನಿಂದ ಹೊರಟವರಲ್ಲಿ ಬಹುಮಂದಿ ರೈಲುಮಾರ್ಗದ ಉದ್ದಕ್ಕೂ ಇನ್ನಷ್ಟು ದೂರದ ಹಳ್ಳಿಗಳಿಗೆ ಹೋದರು. ಅಲ್ಲಿಯೂ ಓಣಿ ಅಷ್ಟೇ ಅಗಲ, ಬಾಗಿಲಲ್ಲಿ ಅದೇ ಕೆಂಪು ಚೀಟಿ. ಮಂಚವನ್ನು ಬಿಚ್ಚಿ, ಅಡಿಗೆಯ ಪಾತ್ರೆಗಳನ್ನು ಬಕೆಟ್ಟಿನಲ್ಲಿ ತುಂಬಿ, ಸಣ್ಣ ಲಾರಿಯ ಹಿಂದೆ ಕುಳಿತು ಬಂದಿಳಿದವರು ಮೊದಲು ಮೇಲಕ್ಕೆ ಹೋಗಿ ಕಿಟಕಿ ತೆರೆದು ನೋಡುತ್ತಾರೆ. ಎದುರು ಕಿಟಕಿಯಲ್ಲಿ ಯಾರೋ ತರಕಾರಿ ಹೆಚ್ಚುತ್ತಿರುತ್ತಾರೆ.